ಒಂದೂವರೆ ಗೋಡೆಯ ಹಾಲ್

ಫ್ಲ್ಯಾಟ್ ನೋಡಲು ಹೋದವರೆಲ್ಲ ಹಾಲ್ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ಅದಕ್ಕೆ ಬಾಗಿಲು ಎಷ್ಟು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಬೆಂಗಳೂರಿನ ಸಾಧಾರಣ ಎರಡು ಬೆಡ್‌ರೂಮಿನ ಮನೆಯಲ್ಲಿ ಹಾಲ್ ಎನ್ನುವುದು ಕೋಣೆಯಲ್ಲ, ಸಿಗ್ನಲ್ ಇಲ್ಲದ ಸರ್ಕಲ್. ಮುಂಬಾಗಿಲಿನಿಂದ ಒಳಗೆ ಬಂದವರು ಅಡುಗೆಮನೆಗೆ ಇಲ್ಲಿಂದಲೇ ತಿರುಗಬೇಕು. ರೂಮುಗಳಿಗೆ ಹೋಗುವ ಓಣಿ ಇಲ್ಲಿಂದಲೇ ಹೊರಡುತ್ತದೆ. ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಾಲ್ಕನಿಗೆ ಹೋಗುವವರೂ ಇದನ್ನೇ ದಾಟಬೇಕು. ಸಾಲದ್ದಕ್ಕೆ ಕಾಮನ್ ಬಾತ್‌ರೂಮಿನ ಬಾಗಿಲೂ ಇತ್ತಲೇ ಬಾಯಿ ತೆರೆದಿರುತ್ತದೆ. ಹೀಗೆ ಐದು ದಾರಿ ಕೂಡುವ ಜಾಗದಲ್ಲಿ ಗೋಡೆ ಅಂತ ಉಳಿಯುವುದು ಒಂದೂವರೆ. ಸೋಫಾ, ಟಿವಿ, ಊಟದ ಟೇಬಲ್, ಚಪ್ಪಲಿ ಸ್ಟ್ಯಾಂಡ್, ದೇವರ ಗೂಡು, ಎಂದಾದರೂ ಕೊಳ್ಳಬೇಕೆಂದಿರುವ ಪುಸ್ತಕದ ಕಪಾಟು ಎಲ್ಲವೂ ಆ ಒಂದೂವರೆ ಗೋಡೆಗೇ ಅರ್ಜಿ ಹಾಕಿಕೊಂಡು ಕಾಯುತ್ತವೆ.

ಉತ್ತರಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಅಕ್ಕನ ಮಗಳು ಮತ್ತು ಅವಳ ಗಂಡ ಬಾಡಿಗೆಗೆ ಹಿಡಿದಿರುವುದು ಇಂಥದ್ದೇ ಮನೆ. ಇಬ್ಬರೂ ಮದುವೆಗೆ ಮೊದಲು ಪಿಜಿಗಳಲ್ಲಿ ಇದ್ದವರು. ಅಲ್ಲಿ ಇಬ್ಬರ ಆಸ್ತಿಯೂ ಒಂದು ಮಂಚ, ಬೀಗ ಹಾಕುವ ಕಬ್ಬಿಣದ ಕಪಾಟು, ಚಾರ್ಜರ್ ಸಿಕ್ಕಿಸುವ ಒಂದು ಪ್ಲಗ್ಗು ಇಷ್ಟೇ. ಹಾಗಾಗಿ ಬ್ರೋಕರ್ ‘ಹನ್ನೊಂದು ಚದರದ ಮನೆ ಮೇಡಂ’ ಅಂದಾಗ ಇಬ್ಬರಿಗೂ ಮೈದಾನ ಸಿಕ್ಕ ಖುಷಿ. ಚದರವೆಂದರೆ ನೂರು ಚದರಡಿ. ಅಲ್ಲಿಗೆ ಸಾವಿರದ ನೂರು. ಒಳಗೆ ನಿಂತು ನೋಡಿದರೆ ಅಷ್ಟು ಕಾಣುವುದಿಲ್ಲ, ಏಕೆಂದರೆ ಲಿಫ್ಟು, ಮೆಟ್ಟಿಲು, ಕಾರಿಡಾರಿನಲ್ಲಿ ನಮ್ಮ ಪಾಲಿಗೆ ಬರುವ ತುಂಡುಗಳೂ ಅದರಲ್ಲಿ ಸೇರಿರುತ್ತವೆ. 2016ರ ರೇರಾ ಕಾಯ್ದೆ ಬಂದಮೇಲೆ ಮನೆ ಕಟ್ಟಿ ಮಾರುವವರು ಕಾರ್ಪೆಟ್ ಏರಿಯಾವನ್ನು, ಅಂದರೆ ಗೋಡೆಗಳ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗವನ್ನು, ಹೇಳಲೇಬೇಕು. ಬಾಡಿಗೆ ಬ್ರೋಕರ್‌ನ ಬಾಯಿಗೆ ಮಾತ್ರ ಹಳೇ ಲೆಕ್ಕವೇ ರುಚಿ. ಲಿಫ್ಟಿನಲ್ಲಿ ನನ್ನ ಪಾಲಿನ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ ಅಂದರೆ ಅಸೋಸಿಯೇಷನ್‌ನವರು ಬಿಡುತ್ತಾರೆಯೇ?

ಅಳತೆ ಟೇಪು ಯಾವ ರಟ್ಟಿನ ಪೆಟ್ಟಿಗೆಯಲ್ಲಿದೆಯೋ ಗೊತ್ತಿರಲಿಲ್ಲ. ಬೇಕಾಗಲೂ ಇಲ್ಲ. ನೆಲಕ್ಕೆ ಹಾಕಿದ್ದು ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸು. ಹುಡುಗಿ ಬರಿಗಾಲಲ್ಲಿ ಕುಂಟೆಬಿಲ್ಲೆ ಆಡುವವಳಂತೆ ಒಂದೊಂದೇ ಟೈಲ್ ದಾಟುತ್ತ ಹೋದಳು: ಉದ್ದಕ್ಕೆ ಒಂಬತ್ತು, ಅಗಲಕ್ಕೆ ಐದು, ಗೋಡೆಯ ಬುಡದಲ್ಲಿ ಕತ್ತರಿಸಿ ಕೂಡಿಸಿದ ಒಂದು ಕಾಲು ಪಟ್ಟಿ. ಹದಿನೆಂಟಡಿ ಉದ್ದ, ಹತ್ತೂವರೆ ಅಡಿ ಅಗಲ. ಉದ್ದ ಬೇಕಾದಷ್ಟಿದೆ. ತಕರಾರು ಇರುವುದು ಯಾವಾಗಲೂ ಅಗಲದಲ್ಲಿ. ಸೋಫಾ ಗೋಡೆಯಿಂದ ಮೂರಡಿ ಮುಂದೆ ಬರುತ್ತದೆ. ಎದುರು ಗೋಡೆಗೆ ಟಿವಿ ಸ್ಟ್ಯಾಂಡು ಒಂದೂವರೆ. ಉಳಿದ ಆರಡಿಯಲ್ಲಿ ಎರಡಡಿಯ ಟೀಪಾಯಿ ಇಟ್ಟರೆ, ಸೋಫಾದಲ್ಲಿ ಕೂತವರ ಮಂಡಿಗೆ ಒಂದೂವರೆ ಅಡಿ, ಟೀಪಾಯಿ ಮತ್ತು ಟಿವಿಯ ನಡುವೆ ನಡೆದಾಡಲು ಎರಡೂವರೆ. ಲೆಕ್ಕ ಸರಿಯಾಗಿ ಕೂಡುತ್ತದೆ. ಕೂಡಿದಮೇಲೆ ಒಂದು ಇಂಚೂ ಉಳಿಯುವುದಿಲ್ಲ ಎಂಬುದೇ ಅದರ ದೋಷ. ಯಾರಾದರೂ ಕಾಲು ಚಾಚಿದರೆ ಸಂಚಾರ ಬಂದ್.

ಅಳಿಯನ ಮೊಬೈಲಿನಲ್ಲಿ ಈ ಹಾಲ್ ಆಗಲೇ ಮುಗಿದುಹೋಗಿತ್ತು. ಬೂದು ಬಣ್ಣದ ಎಲ್ ಆಕಾರದ ಸೋಫಾ, ತಲೆಯ ಮೇಲೆ ಬಾಗಿ ನಿಂತ ದೀಪ, ಮೂಲೆಯಲ್ಲೊಂದು ದೊಡ್ಡೆಲೆ ಗಿಡ. ಫೋಟೊದಲ್ಲಿ ಎಷ್ಟು ಹುಡುಕಿದರೂ ಒಂದು ಬಾಗಿಲು ಕಾಣದು. ಪೊರಕೆ ಕಾಣದು, ಹೆಲ್ಮೆಟ್ ಕಾಣದು, ಹಾಲಿನ ಕೂಪನ್ ಇಡುವ ಡಬ್ಬಿ ಕಾಣದು. ಅಂಥ ಹಾಲ್‌ಗಳಲ್ಲಿ ಮನುಷ್ಯರು ಇರುವುದು ನನಗೆ ಅನುಮಾನ. 2022ರ ಜೂನ್‌ನಲ್ಲಿ ನಾಗಸಂದ್ರ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಐಕಿಯಾ ತೆರೆದಮೇಲೆ ಇಂಥ ಫೋಟೊಗಳ ಒಳಗೇ ಓಡಾಡಿ ಬರುವ ಅನುಕೂಲವೂ ಆಯಿತು. ಭಾನುವಾರ ಅಲ್ಲಿ ಅರ್ಧ ಬೆಂಗಳೂರು ಸೋಫಾದಿಂದ ಸೋಫಾಕ್ಕೆ ಎದ್ದು ಕೂತು, ಕೊನೆಗೆ ಎರಡು ಮೇಣದಬತ್ತಿ, ಒಂದು ಚಮಚ ಸ್ಟ್ಯಾಂಡು ಕೊಂಡು ಮನೆಗೆ ಬರುತ್ತದೆ. ಇವರೂ ಹಾಗೇ ಬಂದರು. ಫರ್ಲೆಂಕೊ, ರೆಂಟೊಮೊಜೊ ಥರದ ಕಂಪನಿಗಳಿಂದ ತಿಂಗಳ ಬಾಡಿಗೆಗೆ ತರಿಸುವ ಯೋಚನೆಯೂ ಒಂದು ದಿನ ನಡೆಯಿತು. ಮನೆಯೂ ಬಾಡಿಗೆ, ಸೋಫಾವೂ ಬಾಡಿಗೆ ಆದರೆ ನಮ್ಮದು ಅಂತ ಏನಿದೆ ಎಂದು ಹುಡುಗಿ ಸಿಡುಕಿದ್ದರಿಂದ ಅದು ಅಲ್ಲಿಗೇ ನಿಂತಿತು.

ಸೋಫಾ ತರುವ ಮೊದಲು ಅದನ್ನು ಪೇಪರಿನಲ್ಲಿ ಮಾಡಿ ನೋಡಿ ಎಂದದ್ದು ನಾನು. ಹಳೇ ದಿನಪತ್ರಿಕೆಗಳನ್ನು ಬಿಚ್ಚಿ, ಆರೂಮುಕ್ಕಾಲು ಅಡಿ ಉದ್ದ, ಮೂರಡಿ ಅಗಲಕ್ಕೆ ನೆಲದ ಮೇಲೆ ಹಾಸಿ ಅಂಚಿಗೆ ಸೆಲ್ಲೋಟೇಪು. ಟೀಪಾಯಿಗೆ ಕ್ರೀಡಾ ಪುಟ. ಟಿವಿ ಸ್ಟ್ಯಾಂಡಿಗೆ ವರ್ಗೀಕೃತ ಜಾಹೀರಾತು. ಮುಂಬಾಗಿಲನ್ನು ಪೂರ್ತಿ ತೆರೆದು ನೋಡಿದಾಗ ಅದರ ಮೂರೂವರೆ ಅಡಿಯ ರೆಕ್ಕೆ ಚಪ್ಪಲಿ ಸ್ಟ್ಯಾಂಡಿನ ಪೇಪರನ್ನು ಎಳೆದುಕೊಂಡೇ ಹೋಯಿತು. ಹುಡುಗಿ ಕೈಯಲ್ಲಿ ಖಾಲಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬಾಲ್ಕನಿಯವರೆಗೆ ಹೋಗಿಬಂದಳು. ಸೋಫಾದ ಒಂದು ಮೂಲೆಯನ್ನು ಎರಡು ಸಲವೂ ತುಳಿದಳು.

ಅದೇ ಹೊತ್ತಿಗೆ ಧಾರವಾಡದಿಂದ ಬಂದಿಳಿದ ಅವಳ ಅತ್ತೆ ಬಾಗಿಲಲ್ಲೇ ನಿಂತರು.

‘ಇದೇನವಾ, ಪೇಪರ್ ಹಾಸಿಟ್ಟೀರಿ? ಪೇಂಟ್ ಹೊಡಿಯಾವ್ರು ಬರ್ತಾರೇನು?’

‘ಅಲ್ಲ ಅತ್ತೆ, ಇದು ಸೋಫಾ.’

‘ಹೌದಾ?’ ಎಂದವರೇ ಸೆರಗು ಸಿಗಿಸಿ ಪೇಪರಿನ ಮೇಲೆ ಕೂತು, ಗೋಡೆಗೆ ಒರಗಿ ಎರಡೂ ಕಾಲು ಚಾಚಿದರು. ಬಸ್ಸಿನಲ್ಲಿ ರಾತ್ರಿಯಿಡೀ ಮಡಚಿಟ್ಟ ಕಾಲು. ಎದುರಿಗಿದ್ದ ಟೀಪಾಯಿಯಿಂದ ಕ್ರೀಡಾ ಪುಟ ಎತ್ತಿಕೊಂಡು ತಿರುವಿದರು. ‘ಛಲೋ ಐತಿ ಬಿಡು. ಇದನ್ನ ಇಟ್ಕೋರಿ. ಇನ್ನೊಂದ್ಯಾಕ?’

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ಅಲ್ಲೇ ತೊಡರಿಕೊಂಡಿತು. ನಾವು ಬೆಳೆದ ಮನೆಗಳಲ್ಲಿ ಕೂರುವ ಜಾಗವನ್ನು ಮನೆ ಕಟ್ಟುವವನೇ ಕಟ್ಟಿಬಿಡುತ್ತಿದ್ದ. ಸಾಗರದ ಕಡೆಯ ನಮ್ಮ ತವರಿನಲ್ಲಿ ಜಗುಲಿಯ ಉದ್ದಕ್ಕೂ ಕಟ್ಟೆ. ನುಣುಪಾದ ಅದರ ಅಂಚಿಗೆ ಹತ್ತು ಜನ ಬಂದರೂ ಸಾಲಾಗಿ ಕೂರುತ್ತಿದ್ದರು. ಅದನ್ನು ಆಚೀಚೆ ಸರಿಸುವ ಪ್ರಶ್ನೆಯೇ ಇರಲಿಲ್ಲ. ಊಟದ ಹೊತ್ತಿಗೆ ಮಣೆ ಬರುತ್ತಿತ್ತು, ಉಂಡಮೇಲೆ ಗೋಡೆಗೆ ಒರಗುತ್ತಿತ್ತು. ರಾತ್ರಿ ಹಾಸಿಗೆ ಬಿಚ್ಚಿಕೊಂಡು ಬೆಳಿಗ್ಗೆ ಸುರುಳಿಯಾಗುತ್ತಿತ್ತು. ಧಾರವಾಡದ ಪಡಸಾಲೆಯಲ್ಲಿ ಗಾದಿ, ಲೋಡು, ಎಲೆಯಡಿಕೆ ತಟ್ಟೆ. ಸಾಗರದ ನಮ್ಮ ಇಡೀ ಮನೆಗೆ ಕುರ್ಚಿ ಅಂತ ಇದ್ದರೆ ಒಂದು ಆರಾಮಕುರ್ಚಿ. ಅದರಲ್ಲಿ ಕೂರಲು ಅಧಿಕಾರವಿದ್ದವರು ಅಜ್ಜ ಒಬ್ಬರೇ. ನೆಲ ದಿನಕ್ಕೆ ನಾಲ್ಕು ಕೆಲಸ ಮಾಡುತ್ತಿತ್ತು. ಈಗ ಒಂದೊಂದು ಕೆಲಸಕ್ಕೂ ಒಂದೊಂದು ಸಾಮಾನು ಕೊಂಡು, ಆ ನೆಲವನ್ನೇ ತುಂಬಿ, ಹಾಲ್ ಚಿಕ್ಕದಾಯಿತು ಎನ್ನುತ್ತೇವೆ.

ಹಾಗೆಂದು ಸೋಫಾ ಬೇಡ ಅನ್ನಲಾಗದು. ಮಂಡಿನೋವಿನ ಅಕ್ಕ ಒಮ್ಮೆ ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕು. ಅವಳಿಗೆ ಒಂದೂವರೆ ಅಡಿ ಎತ್ತರದ ಗಟ್ಟಿ ಸೀಟೇ ಆಗಬೇಕು. ಒಳಗೆ ಹೂತುಹೋಗುವ ಮೆತ್ತನೆ ಸೋಫಾವೂ ಅವಳಿಗೆ ನೆಲದಷ್ಟೇ ಕಷ್ಟ.

ಇನ್ನು ಎಲ್ಲಿ ಇಡುವುದು? ಆ ತೀರ್ಮಾನವನ್ನು ಬಿಲ್ಡರ್‌ನ ಎಲೆಕ್ಟ್ರಿಷಿಯನ್ ಎಂದೋ ಮಾಡಿ ಹೋಗಿದ್ದ. ಬಾಗಿಲುಗಳಿಲ್ಲದ ಒಂದೇ ಒಂದು ಪೂರ್ಣ ಗೋಡೆ ದಕ್ಷಿಣದ್ದು, ಪಕ್ಕದ ಫ್ಲ್ಯಾಟಿಗೆ ಹೊಂದಿಕೊಂಡದ್ದು. ಅದರ ನಟ್ಟನಡುವೆ, ಎದೆಯೆತ್ತರದಲ್ಲಿ, ಟಿವಿ ಪಾಯಿಂಟು: ಎರಡು ಸ್ವಿಚ್ಚು, ಎರಡು ಪ್ಲಗ್ಗು, ಕೇಬಲ್ಲಿನ ತೂತು, ಪಕ್ಕದಲ್ಲೇ ಇಂಟರ್‌ನೆಟ್ ಡಬ್ಬಿಗೆ ಜಾಗ. ಅಂದಮೇಲೆ ಟಿವಿ ಅಲ್ಲೇ. ಅಂದಮೇಲೆ ಸೋಫಾ ಎದುರಿನ ಉತ್ತರ ಗೋಡೆಗೆ. ಆ ಉತ್ತರ ಗೋಡೆಯಾದರೋ ಅಡುಗೆಮನೆಯ ದಾರಿಗೂ ಬಾತ್‌ರೂಮಿನ ಬಾಗಿಲಿಗೂ ಹಂಚಿಹೋಗಿ ಆರಡಿ ಉಳಿದದ್ದು. ಆರೂಮುಕ್ಕಾಲು ಅಡಿಯ ಸೋಫಾದ ಮೂಲೆ ಅಡುಗೆಮನೆ ಬಾಗಿಲಿಗೆ ಚಾಚಿದ್ದು, ಹುಡುಗಿ ಅದನ್ನು ತುಳಿದದ್ದು ಈ ಕಾರಣಕ್ಕೇ.

ಇದು ಇವರೊಬ್ಬರ ಮನೆಯ ಕಥೆಯಲ್ಲ ಎಂದು ತಿಳಿಯಲು ರಾತ್ರಿ ಎಂಟಕ್ಕೆ ಕೆಳಗಿಳಿದು ರಸ್ತೆಯಾಚೆ ನಿಂತರೆ ಸಾಕು. ಒಂದರ ಮೇಲೊಂದು ಹೇರಿದ ಐದು ಹಾಲ್‌ಗಳು. ಬಾಲ್ಕನಿಗಳ ಗಾಜಿನೊಳಗೆ ಟಿವಿಯ ನೀಲಿ ಬೆಳಕು ನೆಲಮಹಡಿಯಿಂದ ತುದಿಯವರೆಗೆ ಒಂದೇ ನೇರದಲ್ಲಿ ಮಿನುಗುತ್ತದೆ. ಒಂದು ಮನೆಯವರು ಧಾರಾವಾಹಿ, ಇನ್ನೊಂದು ಮನೆಯವರು ಕ್ರಿಕೆಟ್ ನೋಡುತ್ತಿರಬಹುದು. ಜಾತಿ, ಊರು, ಸಂಬಳ ಬೇರೆ ಬೇರೆ ಇರಬಹುದು. ಆದರೆ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದಾರೆ. ಕೂರಿಸಿದ್ದು ಒಂದು ಸ್ವಿಚ್ ಬೋರ್ಡು.

ಅಕ್ಕ ಬಂದವಳೇ ತಗಾದೆ ತೆಗೆದದ್ದು ಈ ದಿಕ್ಕಿನ ಮೇಲೆಯೇ. ‘ಅಲ್ಲ ಮಾರಾಯ್ತಿ, ದಕ್ಷಿಣಕ್ಕೆ ಮುಖ ಹಾಕಿ ಕೂರೋದಾ? ಭಾರದ ಸಾಮಾನು ನೈರುತ್ಯದಲ್ಲಿರ್ಬೇಕು, ಈಶಾನ್ಯ ಹಗುರ ಇರ್ಬೇಕು. ನೀವು ನೋಡಿದ್ರೆ ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದೀರಿ!’ ಮಗಳು ಕಣ್ಣು ತಿರುಗಿಸಿದಳು. ವಾಸ್ತುವಿನಲ್ಲಿ ನನ್ನ ನಂಬಿಕೆಯೂ ಅಷ್ಟಕ್ಕಷ್ಟೇ. ಆದರೂ ಅಕ್ಕ ಬೆರಳು ತೋರಿಸಿದ ಜಾಗ ನೋಡಿದರೆ ಅದು ಆ ತುಂಡಾಗದ ದಕ್ಷಿಣದ ಗೋಡೆ. ಸೋಫಾ ಅಲ್ಲಿಗೆ ಬಂದರೆ ಯಾವ ದಾರಿಗೂ ಅಡ್ಡವಿಲ್ಲ. ಅಡುಗೆಮನೆಯಲ್ಲಿರುವವರ ಜೊತೆ ಕೂತಲ್ಲಿಂದಲೇ ಮಾತಾಡಬಹುದು. ಪಡುವಣದ ಬಾಲ್ಕನಿಯಿಂದ ಬರುವ ಗಾಳಿ, ಮೇಲಿನ ಫ್ಯಾನು ಎರಡೂ ಸಿಗುತ್ತವೆ. ಮಗಳಿಗೆ ದಾರಿ ಬಿಟ್ಟಿತೆಂಬ ಸಮಾಧಾನ, ತಾಯಿಗೆ ಯಮನ ದಿಕ್ಕು ತಪ್ಪಿತೆಂಬ ಸಮಾಧಾನ. ಟಿವಿ ಮಾತ್ರ ಎದುರು ಗೋಡೆಗೆ, ಗಿಡ್ಡ ಸ್ಟ್ಯಾಂಡಿನ ಮೇಲೆ. ಗೋಡೆಗೆ ಸಿಕ್ಕಿಸುವ ಮಾತೇ ಇಲ್ಲ, ಅಗ್ರಿಮೆಂಟಿನಲ್ಲಿ ಮೊಳೆ ಹೊಡೆಯಬಾರದು ಎಂದಿದೆ. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಹಳೇ ರೂಢಿ, ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಇನ್ನೊಂದು ರೂಢಿ, ಇವೆರಡರ ನಡುವೆ ಬಾಡಿಗೆದಾರ ಕ್ಯಾಲೆಂಡರನ್ನೂ ಅಂಟಿನ ಹುಕ್ಕಿಗೇ ನೇತುಹಾಕುತ್ತಾನೆ. ಅಳಿಯ ಒಂದು ಉದ್ದನೆಯ ಎಕ್ಸ್‌ಟೆನ್ಷನ್ ತಂದು, ವಯರನ್ನು ಸ್ಕರ್ಟಿಂಗಿನ ಗುಂಟ ಬಾಲ್ಕನಿ ಬಾಗಿಲನ್ನು ಸುತ್ತಿಸಿ ಎಳೆದ. ಅದಾದಮೇಲೆ ರಸ್ತೆಯಿಂದ ನೋಡಿದರೆ ಮೂರನೇ ಮಹಡಿಯ ನೀಲಿ ಬೆಳಕು ಒಂದೇ ಸಾಲು ತಪ್ಪಿ ಆಚೆ ನಿಂತಿದೆ.

ಸೋಫಾ ಸಿಕ್ಕಿದ್ದು ಶಿವಾಜಿನಗರದ ಬಂಬೂ ಬಜಾರ್ ಕಡೆಯ ಹಳೇ ಸಾಮಾನಿನ ಅಂಗಡಿಯಲ್ಲಿ. ಬೂದು ಬಣ್ಣವಲ್ಲ, ಎಲ್ ಆಕಾರವೂ ಅಲ್ಲ. ತೇಗದ ಕಾಲು, ತೇಗದ ಕೈ, ಬಟ್ಟೆ ಮಾತ್ರ ಹೊಸದು. ಅಂಗಡಿಯವನು ಬಟ್ಟೆ ಸವರಿ ತೋರಿಸುತ್ತಿದ್ದರೆ ಅಕ್ಕ ಸೋಫಾವನ್ನು ಒಂದು ಕಡೆ ಎತ್ತಿ ಅಡಿಯಲ್ಲಿ ಬೆರಳಿನಿಂದ ಕುಟ್ಟಿದಳು. ಒಳಗೆ ಪ್ಲೈವುಡ್ಡೋ ಹಲಗೆಯೋ ಎಂದು ಸದ್ದಿನಲ್ಲೇ ತಿಳಿಯುವ ಕಿವಿ ಮಲೆನಾಡಿನವರಿಗಿದೆ. ಲಗೇಜ್ ಆಟೊ ಉತ್ತರಹಳ್ಳಿಗೆ ಬರುವಷ್ಟರಲ್ಲಿ ಸಂಜೆ ಐದು.

ಆಮೇಲೆ ನಡೆದದ್ದು ಸರ್ಕಸ್. ಲಿಫ್ಟಿನ ಬಾಗಿಲು ಎರಡೂಮುಕ್ಕಾಲು ಅಡಿ ಅಗಲ. ನಿಲ್ಲಿಸಿ ಒಳಗೆ ತಳ್ಳೋಣವೆಂದರೆ ಸೋಫಾದ ಆರೂಮುಕ್ಕಾಲು ಅಡಿಗೆ ಬಾಗಿಲಿನ ಎತ್ತರ ಒಂದಿಂಚು ಕಮ್ಮಿ. ಓರೆ ಮಾಡಿದರೆ ಒಳಗಿನ ಹಿಂಗೋಡೆ ತಾಗುತ್ತದೆ. ಬ್ರೋಕರ್ ಲೆಕ್ಕ ಹೇಳಿದ್ದ ಲಿಫ್ಟು ಅಷ್ಟಕ್ಕೂ ಉಪಯೋಗಕ್ಕೆ ಬರಲಿಲ್ಲ. ಸೆಕ್ಯುರಿಟಿಯವನು ಬಂದು ಆರು ಗಂಟೆಯ ನಂತರ ಸಾಮಾನು ಸಾಗಿಸುವ ಹಾಗಿಲ್ಲ ಎಂದು ನೆನಪಿಸಿ ಹೋದ.

ತಲೆಗೆ ಟವಲ್ ಸುತ್ತಿದ ಹಿರಿಯ ಹಮಾಲಿ ಮೆಟ್ಟಿಲಿನ ತಿರುವಿಗೆ ಒಮ್ಮೆ ಕೈ ಚಾಚಿ ಅಳೆದು, ಸೋಫಾದ ಅಡಿಗೆ ಬಗ್ಗಿ ನೋಡಿದ. ‘ಕಾಲ್ ಬಿಚ್ಚಿ ಸಾರ್. ಐದಿಂಚು ಸಿಗುತ್ತೆ.’ ತೇಗದ ಕಾಲುಗಳು ಮರೆಯ ತಿರುಪಿನ ಮೇಲೆ ಕೂತಿದ್ದವು. ಒಂದೊಂದಾಗಿ ತಿರುಚಿ ಬಿಚ್ಚಿ ಹುಡುಗಿಯ ಕೈಗೆ ಕೊಟ್ಟ. ಅಂಚಿಗೆ ಗೋಣಿಚೀಲ ಸುತ್ತಿದರು. ಕೆಳಗೆ ಇಬ್ಬರು, ಮೇಲೆ ಒಬ್ಬ. ಮೊದಲ ಸಾಲು ಮೆಟ್ಟಿಲು ಸಲೀಸು. ತಿರುವಿನಲ್ಲಿ ಸೋಫಾವನ್ನು ಒಂದು ಕೈಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಬೆನ್ನನ್ನು ಹೊರಮೂಲೆಗೆ ಒತ್ತಿ, ನಿಂತಲ್ಲೇ ಬುಗುರಿಯ ಹಾಗೆ ಸುತ್ತಿಸಿ, ಮೇಲಿನ ತುದಿಯನ್ನು ಕಂಬಿಯ ಮೇಲಿಂದ ದಾಟಿಸಿದರು. ‘ನಿನ್ ಕಡೆ ಇಳ್ಸು... ಇಳ್ಸು... ಅಲ್ಲೇ ಹಿಡಿ. ಈಗ ತಿರ್ಗು. ಸೋಫಾ ಅಲ್ವೋ, ನೀನು ತಿರ್ಗು!’ ಗೋಡೆಯ ಸುಣ್ಣ ಒಂದು ಚೂರೂ ಕೆರೆಯಲಿಲ್ಲ. ಜ್ಯಾಮಿತಿ ಪಾಠವನ್ನು ಇವರ ಕೈಯಲ್ಲಿ ಮಾಡಿಸಿದ್ದರೆ ನಮ್ಮ ಕಾಲದ ಎಷ್ಟೋ ಮಕ್ಕಳು ಪಾಸಾಗುತ್ತಿದ್ದರು. ಹುಡುಗಿ ನಾಲ್ಕು ಕಾಲುಗಳನ್ನು ಎದೆಗವಚಿಕೊಂಡು ಹಿಂದೆ ಹಿಂದೆಯೇ ಹತ್ತಿದಳು. ಅಳಿಯ ಹಮಾಲಿಯ ನಂಬರು ಬರೆದಿಟ್ಟುಕೊಂಡ.

ಸೋಫಾ ದಕ್ಷಿಣಕ್ಕೆ ಕೂತಿತು; ಟಿವಿ ಪಾಯಿಂಟು ಅದರ ಬೆನ್ನಿನ ಮೇಲೆ ಇಣುಕುತ್ತದೆ, ಮೊಬೈಲ್ ಚಾರ್ಜಿಗೆ ಅನುಕೂಲ. ಬಾಲ್ಕನಿಯ ಪಕ್ಕದ ಮೂಲೆಗೆ ಅಜ್ಜನ ಆರಾಮಕುರ್ಚಿ ಸಾಗರದಿಂದ ಬಂತು, ಹೊಸ ಬೆತ್ತ ಹೆಣೆಸಿಕೊಂಡು. ಊಟದ ಟೇಬಲ್ ಸದ್ಯಕ್ಕೆ ಬೇಡ ಅಂದುಕೊಂಡರು. ಟೀಪಾಯಿಯ ವಿಷಯದಲ್ಲಿ ಮಾತು ನಡೆಯುತ್ತಿರುವಾಗಲೇ ಧಾರವಾಡದ ಬೀಗಿತ್ತಿ ಎದ್ದುಹೋಗಿ ರೂಮಿನಿಂದ ಒಂದು ದಪ್ಪ ಸುರುಳಿ ತಂದು ಹಾಲ್ ನಡುವೆ ಉರುಳಿಸಿದರು.

ನವಲಗುಂದದ ಜಮಖಾನ. ಆರಡಿಗೆ ಒಂಬತ್ತಡಿ. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿ ನೂಲಿನಿಂದ ಹೆಂಗಸರೇ ನೇಯುವ ಹಾಸು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕಸುಬು, ಆದರೂ ನೇಯುವ ಕೈಗಳು ಈಗ ಬೆರಳೆಣಿಕೆಗೆ ಬಂದಿವೆ. ಕೆಂಪು, ಹಳದಿ, ಕಪ್ಪು, ಹಸಿರು. ನಡುವೆ ಪಗಡೆಯ ಹಾಸು, ಅಂಚಿನಲ್ಲಿ ಕೊರಳು ಚಾಚಿದ ನವಿಲುಗಳು. ಎಳೆ ಎಣಿಸಿ ನೇಯ್ದದ್ದರಿಂದ ನವಿಲಿನ ಬೆನ್ನೂ ಮೆಟ್ಟಿಲು ಮೆಟ್ಟಿಲಾಗಿದೆ. ತಿರುವಿ ನೋಡಿದರೆ ಹಿಂಬದಿಯೂ ಅಷ್ಟೇ ಅಚ್ಚುಕಟ್ಟು. ಬಿಳಿ ಟೈಲ್ಸಿನ ಆ ಹಾಲ್‌ಗೆ ಅದು ಬಿದ್ದದ್ದೇ ತಡ, ಉಳಿದ ಸಾಮಾನುಗಳೆಲ್ಲ ಅದರ ಸುತ್ತ ಸರಿದು ನಿಂತವರಂತೆ ಕಂಡವು.

‘ಅತ್ತೆ, ಇದು ಸೋಫಾ ಬಣ್ಣಕ್ಕೆ ಮ್ಯಾಚ್ ಆಗಲ್ಲ’ ಎಂದಳು ಹುಡುಗಿ, ದನಿಯನ್ನು ಆದಷ್ಟು ಮೆತ್ತಗೆ ಮಾಡಿ.

‘ಸೋಫಾದ ಬಟ್ಟಿ ಬದಲ್ ಮಾಡಸು.’

ಟೀಪಾಯಿಯ ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ಅಳಿಯನ ಆಫೀಸಿನವರು, ಹುಡುಗಿಯ ಪಿಜಿ ಗೆಳತಿಯರು ಊಟಕ್ಕೆ ಬಂದರು. ಹೊಸಬರು ಬಂದರೆ ಮೊದಲು ಸೋಫಾದ ತುದಿಗೆ ಬೆನ್ನು ನೆಟ್ಟಗೆ ಮಾಡಿ ಕೂರುವುದು ವಾಡಿಕೆ. ಹಾಗೆಯೇ ಕೂತರು. ಜೋಳದ ರೊಟ್ಟಿ, ಎಣಗಾಯಿ ಬರುತ್ತಲೇ ಒಬ್ಬಳು ಕೆಳಗೆ ಜಾರಿ ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿದಳು, ಸೋಫಾಕ್ಕೇ ಬೆನ್ನು ಕೊಟ್ಟು. ಅವಳ ಹಿಂದೆ ಇನ್ನಿಬ್ಬರು. ಎರಡನೇ ಸುತ್ತು ರೊಟ್ಟಿಯ ಹೊತ್ತಿಗೆ ಸೋಫಾದಲ್ಲಿ ಉಳಿದವರು ಅಕ್ಕ, ಎರಡು ಹೆಲ್ಮೆಟ್ಟು, ಒಂದು ಲ್ಯಾಪ್‌ಟಾಪ್ ಬ್ಯಾಗು. ಒಂಬತ್ತು ಜನ ಆ ಹತ್ತೂವರೆ ಅಡಿಯಲ್ಲಿ ಉಂಡು, ಪಗಡೆಯ ಮನೆಗಳ ಮೇಲೆ ಲೋಟ ಇಟ್ಟು, ಕಾಲು ಚಾಚಿ ಕೂತರು. ಯಾರೂ ಟಿವಿ ಹಾಕಲಿಲ್ಲ.

ಗದ್ದಲ ಕೇಳಿಯೋ, ರೊಟ್ಟಿ ಬಡಿಯುವ ಸದ್ದಿಗೋ, ಮೇಲಿನ ಮನೆಯ ಆಂಟಿ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಇಳಿದು ಬಂದರು. ಬಾಗಿಲಲ್ಲೇ ನಿಂತು ಒಂದು ಸುತ್ತು ನೋಡಿದರು. ಅವರದ್ದೂ ಇದೇ ಹಾಲ್, ಇದೇ ಬಾಗಿಲು, ಇದೇ ಕಾಲು ಟೈಲು.

‘ಅಯ್ಯೋ, ನಿಮ್ಮ ಹಾಲ್ ದೊಡ್ಡದಲ್ವಾ ನಮ್ಮದಕ್ಕಿಂತ?’

‘ಇಲ್ಲ ಆಂಟಿ, ಒಂದೇ ಅಳತೆ.’

‘ಹೇಗ್ರೀ? ನಮ್ಮನೇಲಿ ನಾಲ್ಕು ಜನ ಬಂದ್ರೆ ಐದನೆಯವರು ಬಾಲ್ಕನೀಲಿ ನಿಲ್ಲಬೇಕು.’ ಚಪ್ಪಲಿ ಬಿಟ್ಟು ಒಳಗೆ ಬಂದರು, ಜಮಖಾನದ ಅಂಚನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದರು. ‘ಇದಕ್ಕೆಷ್ಟಾಯ್ತು?’

‘ಕೂಡ್ರಿ ಮದಲ, ಊಟಾ ಮಾಡ್ರಿ, ಆಮ್ಯಾಲೆ ಹೇಳ್ತೀನಿ’ ಎಂದರು ಬೀಗಿತ್ತಿ, ಪಕ್ಕಕ್ಕೆ ಸರಿದು ಜಾಗ ಮಾಡುತ್ತ.

ಆಂಟಿ ಕೂತರು. ಕೂತವರ ಚಿಂತೆ ಬೇರೆಯೇ ಇತ್ತು. ‘ನಮ್ಮದು ಏಳು ಸೀಟಿನದು ರೀ, ಹೋದ ದೀಪಾವಳಿಗೆ ತಗೊಂಡಿದ್ದು. ಕೆಳಗೆ ಇಳಿಸೋಣ ಅಂದ್ರೂ ಲಿಫ್ಟಿಗೆ ಹೋಗಲ್ಲ.’

ಅಳಿಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಎಡಗೈಯಲ್ಲೇ ಮೊಬೈಲ್ ತೆಗೆದ. ‘ಬಂಬೂ ಬಜಾರಿಂದ ಬಂದಿದ್ರಲ್ಲ, ಅವರ ನಂಬರ್ ಇದೆ ಆಂಟಿ, ಕಳಿಸ್ತೀನಿ. ಆದ್ರೆ ಆರು ಗಂಟೆ ಒಳಗೆ ಕರೆಸಿ. ಕಾಲು ಬಿಚ್ಚೋಕೆ ಬರುತ್ತಾ ಅಂತ ಮೊದಲು ಒಂದ್ಸಲ ಬಗ್ಗಿ ನೋಡಿಬಿಡಿ.’